ಹುಬ್ಬಳ್ಳಿ-ಧಾರವಾಡದ ಹವೆಗೆ ಸಾವರ್‌ಡೋ ಬ್ರೆಡ್: ಹೆಪ್ಪು ಎಬ್ಬಿಸುವುದರಿಂದ ಹೋಳು ಕೊಯ್ಯುವವರೆಗೆ

ಅಂಗಡಿ ಯೀಸ್ಟ್ ಇಲ್ಲದೆ, ಹುಳಿ ಬಂದ ಹಿಟ್ಟಿನ ಹೆಪ್ಪಿನಿಂದಲೇ ಉಬ್ಬಿಸುವ ಬ್ರೆಡ್ಡೇ ಸಾವರ್‌ಡೋ. ಅದನ್ನು ಕಲಿಸುವ ವಿಡಿಯೋಗಳಲ್ಲಿ ಹೆಚ್ಚಿನವು ಚಳಿ ದೇಶಗಳವು. ‘ಕಲಸಿದ ಹಿಟ್ಟನ್ನು ರಾತ್ರಿಯಿಡೀ ಅಡುಗೆಮನೆಯಲ್ಲೇ ಬಿಡಿ’ ಎನ್ನುವವರ ಅಡುಗೆಮನೆ 20 ಡಿಗ್ರಿ ಆಸುಪಾಸಿನಲ್ಲಿರುತ್ತದೆ. ಏಪ್ರಿಲ್ ತಿಂಗಳ ಹುಬ್ಬಳ್ಳಿಯಲ್ಲಿ ಬಿಸಿಲು ಕುಡಿದ ಆರ್‌ಸಿಸಿ ಚಾವಣಿಯ ಕೆಳಗೆ ರಾತ್ರಿ ಹತ್ತು ಗಂಟೆಗೂ 30 ಡಿಗ್ರಿ ಇಳಿದಿರುವುದಿಲ್ಲ. ಅಲ್ಲಿ ಹಾಗೆ ಬಿಟ್ಟ ಹಿಟ್ಟು ಬೆಳಗಾಗುವಷ್ಟರಲ್ಲಿ ದೋಸೆ ಹಿಟ್ಟಿನಂತೆ ಹರಿಯುತ್ತಿರುತ್ತದೆ. ಅದಕ್ಕೇ ಇಲ್ಲಿ ಎಲ್ಲೆಲ್ಲಿ ಗಂಟೆ ಬರೆದಿದೆಯೋ ಅಲ್ಲೆಲ್ಲ ಡಿಗ್ರಿಯನ್ನೂ ಬರೆದಿದೆ. ಎರಡರಲ್ಲಿ ಒಂದನ್ನೇ ನಂಬಬೇಕಾಗಿ ಬಂದರೆ ಡಿಗ್ರಿಯನ್ನು ನಂಬಿ.

ಏನೇನು ಬೇಕು

ಮೊದಲು ತಕ್ಕಡಿ. 1 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಒಂದೇ ಬಟ್ಟಲಿಗೆ ಮೈದಾ ಸಡಿಲಾಗಿ ಬಿದ್ದರೆ 120 ಗ್ರಾಂ, ಒತ್ತಿ ತುಂಬಿದರೆ 150 ಗ್ರಾಂ. ಅಷ್ಟು ವ್ಯತ್ಯಾಸ ಸಾಕು, ಚಪಾತಿ ಹಿಟ್ಟು ಆಗಬೇಕಾದ್ದು ಮಿರ್ಚಿ ಬಜಿ ಹಿಟ್ಟಾಗಲು. ಎರಡನೆಯದು ಚುಚ್ಚಿ ನೋಡುವ ಅಡುಗೆ ಥರ್ಮಾಮೀಟರ್. ಉಳಿದದ್ದೆಲ್ಲ ಮನೆಯಲ್ಲೇ ಹೊಂದಿಸಿಕೊಳ್ಳಬಹುದು.

ಓವನ್ ಎಂದರೆ ನಮ್ಮ ಮನೆಗಳಲ್ಲಿ ಓಟಿಜಿ (ಓವನ್-ಟೋಸ್ಟರ್-ಗ್ರಿಲ್ಲರ್). 28 ಲೀಟರಿಗಿಂತ ದೊಡ್ಡದಿದ್ದು, 250 ಡಿಗ್ರಿ ಮುಟ್ಟುವಂಥದ್ದಾದರೆ ಸಾಕು. ಅದು 1500ರಿಂದ 2000 ವ್ಯಾಟ್ ಎಳೆಯುತ್ತದೆ, ಹಾಗಾಗಿ ದಪ್ಪ ಮೂರು ಕಡ್ಡಿಯ ಪವರ್ ಪ್ಲಗ್ಗಿಗೇ ಹಾಕಬೇಕು. ಮನೆಯ ಸಾಮಾನ್ಯ ಇನ್ವರ್ಟರ್ ಅದನ್ನು ಹೊರುವುದಿಲ್ಲ. ಬೇಯಿಸುವ ದಿನ ಕರೆಂಟ್ ತೆಗೆಯುವ ಸೂಚನೆ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಬುಟ್ಟಿಗಿಳಿದ ಕಣಕ ಫ್ರಿಜ್ಜಿನಲ್ಲಿ ಇನ್ನೂ ಆರೇಳು ತಾಸು ಕಾಯುತ್ತದೆ, ಅರ್ಧ ಬೆಂದ ಬ್ರೆಡ್ ಕಾಯುವುದಿಲ್ಲ. ಕನ್ವೆಕ್ಷನ್ ಇರುವ ಮೈಕ್ರೋವೇವ್ ಆದರೂ ನಡೆಯುತ್ತದೆ. ಆದರೆ ಕನ್ವೆಕ್ಷನ್ ಗುಂಡಿಯನ್ನೇ ಒತ್ತಬೇಕು, ಮೈಕ್ರೋವೇವ್ ಗುಂಡಿ ಒತ್ತಿ ಲೋಹದ ಪಾತ್ರೆ ಇಡಬಾರದು.

ಬೇಯಿಸಲು ಮುಚ್ಚಳವಿರುವ ಬೀಡು ಕಬ್ಬಿಣದ ಪಾತ್ರೆಯನ್ನು ಎಲ್ಲರೂ ಹೇಳುತ್ತಾರೆ. ಒಳ್ಳೆಯದೇ, ಆದರೆ ಕೊಳ್ಳುವ ಮೊದಲು ಓಟಿಜಿಯ ಒಳಗಿನ ಎತ್ತರ ಅಳೆಯಿರಿ. ಪಾತ್ರೆ ತಂದ ಮೇಲೆ ಬಾಗಿಲು ಹಾಕಿಕೊಳ್ಳದೆ ಪೇಚಾಡುವವರು ಬಹಳ. ಅದಕ್ಕೆ ಬದಲು ದೋಸೆ ಹುಯ್ಯುವ ಬೀಡಿನ ಹಂಚಿನ ಮೇಲೆ ಹಿಟ್ಟನ್ನಿಟ್ಟು, ಆಳವಾದ ಸ್ಟೀಲ್ ಬೋಗುಣಿಯನ್ನು ಕವುಚಿದರೂ ಅದೇ ಕೆಲಸ ಆಗುತ್ತದೆ. ಹಂಚಿಗೆ ಕಟ್ಟಿಗೆ ಅಥವಾ ಪ್ಲಾಸ್ಟಿಕ್ ಹಿಡಿ ಇರಬಾರದು, ಅಷ್ಟೆ. ಮುಚ್ಚಳ ಬೇಕಾಗಿರುವುದು ಹಿಟ್ಟಿನಿಂದಲೇ ಹೊರಡುವ ಉಗಿಯನ್ನು ಹಿಡಿದಿಡಲು. ಮೊದಲ ಇಪ್ಪತ್ತು ನಿಮಿಷ ಮೇಲ್ಮೈ ಹಸಿಯಾಗಿದ್ದರೆ ಬ್ರೆಡ್ ಹಿಗ್ಗುತ್ತದೆ, ಒಣಗಿ ಗಟ್ಟಿಯಾದರೆ ಒಳಗಿನ ಗಾಳಿ ಪಕ್ಕದಲ್ಲಿ ಎಲ್ಲೋ ಒಡೆದುಕೊಂಡು ಹೋಗುತ್ತದೆ.

ಹಿಟ್ಟು ಕೂರಿಸುವ ಬುಟ್ಟಿಗೆ ಆನ್‌ಲೈನಿನಲ್ಲಿ ದುಬಾರಿ ಬೆತ್ತದ ಬುಟ್ಟಿ ತರಿಸುವುದು ಬೇಡ. ಮೇದಾರರು ಹೆಣೆದ 20-22 ಸೆಂಟಿಮೀಟರ್ ಅಗಲದ ಬಿದಿರು ಬುಟ್ಟಿ, ಒಳಗೆ ಹಳೆಯ ಧೋತರದ ಅರಿವೆ. ಸೋಸುವ ಸ್ಟೀಲ್ ಜಾಲರಿ ಬುಟ್ಟಿಯೂ ಆದೀತು.

ಹಿಟ್ಟಿನ ವಿಚಾರ

ಸಾವರ್‌ಡೋ ಕೆಟ್ಟಾಗ ಹೆಪ್ಪನ್ನು ಬೈಯುವವರೇ ಹೆಚ್ಚು. ಅರ್ಧಕ್ಕರ್ಧ ಸಲ ತಪ್ಪು ಹಿಟ್ಟಿನದಾಗಿರುತ್ತದೆ.

ಮೈದಾ ಪೊಟ್ಟಣದ ಹಿಂದೆ ಪೋಷಕಾಂಶದ ಪಟ್ಟಿಯಲ್ಲಿ ಪ್ರೋಟೀನ್ ನೋಡಿ. 100 ಗ್ರಾಂಗೆ 11 ಅಥವಾ ಹೆಚ್ಚು ಇದ್ದದ್ದನ್ನು ಆರಿಸಿ. 9 ಇದ್ದದ್ದು ಬಿಸ್ಕಿಟ್ಟಿಗೆ ಸರಿ, ಬ್ರೆಡ್ಡಿಗೆ ಸೊರಗುತ್ತದೆ. ಕಿರಾಣಿ ಅಂಗಡಿಯ ಬಿಡಿ ಮೈದಾಕ್ಕೆ ಪಟ್ಟಿಯೇ ಇರುವುದಿಲ್ಲವಾದ್ದರಿಂದ ಮೊದಲ ನಾಲ್ಕು ಸಲವಾದರೂ ಪೊಟ್ಟಣದ್ದನ್ನೇ ಬಳಸಿ, ಒಂದೇ ಬ್ರಾಂಡಿಗೆ ಅಂಟಿಕೊಳ್ಳಿ.

ಗಿರಣಿಯಲ್ಲಿ ಬೀಸಿಸಿದ ಗೋಧಿ ಹಿಟ್ಟಿನ ಸ್ವಭಾವ ಬೇರೆ. ಅದರ ಪ್ರೋಟೀನ್ ಅಂಕಿ ಮೈದಾಕ್ಕಿಂತ ಹೆಚ್ಚೇ ಕಾಣುತ್ತದೆ, ಆದರೆ ಕಣಕವನ್ನು ಹಿಗ್ಗಿಸಿ ಹಿಡಿದಿಡುವ ಗ್ಲುಟೆನ್ ಎಂಬ ಪ್ರೋಟೀನಿನ ಎಳೆಗಳನ್ನು ತೌಡಿನ ಚೂರುಗಳು ಕೊಯ್ಯುತ್ತವೆ. ಇನ್ನೊಂದು ವಿಷಯ: ಗಿರಣಿ ಕಲ್ಲಿನ ಒತ್ತಡಕ್ಕೂ ಬಿಸಿಗೂ ಪಿಷ್ಟದ ಕಣಗಳು ಜಖಂ ಆಗುತ್ತವೆ. ಚಪಾತಿಗೆ ಇದೇ ವರ. ಅಂಥ ಪಿಷ್ಟ ನೀರನ್ನು ಹೆಚ್ಚು ಹೀರಿ ಚಪಾತಿಯನ್ನು ಮೆತ್ತಗಿಡುತ್ತದೆ. ಬ್ರೆಡ್ಡಿನಲ್ಲಿ ಅದೇ ಪಿಷ್ಟ ಬೇಗ ಸಕ್ಕರೆಯಾಗಿ ಒಡೆದು ಹುದುಗನ್ನು ಓಡಿಸುತ್ತದೆ, ನಾಲ್ಕೈದು ತಾಸಿನ ಮೇಲೆ ಹೀರಿದ ನೀರನ್ನು ಬಿಟ್ಟು ಕಣಕವನ್ನು ಅಂಟಂಟು ಮಾಡುತ್ತದೆ. ಹೀಗಾಗಿ ಪೂರ್ತಿ ಗೋಧಿ ಹಿಟ್ಟಿನ ಬ್ರೆಡ್ಡನ್ನು ಮೊದಲ ಸಲವೇ ಮಾಡಲು ಹೋಗಬೇಡಿ. ಐದರಲ್ಲಿ ಒಂದು ಪಾಲಿನಿಂದ ಶುರುಮಾಡಿ, ಕೈ ಪಳಗಿದಂತೆ ಅರ್ಧಕ್ಕೆ ಏರಿಸಿ.

ಹುಗ್ಗಿಗೆ ಬಳಸುವ ಸದಕ ಗೋಧಿ ಈ ಸೀಮೆಯ ಆಸ್ತಿ. ಕಪ್ಲಿ ಎಂದು ಪೇಟೆಯಲ್ಲಿ ದುಬಾರಿಗೆ ಮಾರುವುದೂ ಇದನ್ನೇ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಈ ಜಾತಿಯಲ್ಲಿ ಡಿಡಿಕೆ 1025, ಡಿಡಿಕೆ 1029ರಂಥ ತಳಿಗಳನ್ನು ಕೊಟ್ಟಿದೆ. ರುಚಿಗೆ, ಘಮಕ್ಕೆ ಇದನ್ನು ಮೀರಿಸುವ ಗೋಧಿ ಇಲ್ಲ ಎಂದರೂ ನಡೆದೀತು. ಆದರೆ ಇದರ ಗ್ಲುಟೆನ್ ಹಿಗ್ಗುತ್ತದೆಯೇ ಹೊರತು ಬಿಗಿ ಹಿಡಿಯುವುದಿಲ್ಲ. ಒಟ್ಟು ಹಿಟ್ಟಿನ ಕಾಲು ಭಾಗದವರೆಗೆ ಹಾಕಬಹುದು, ಆಗ ನೀರನ್ನು 15 ಗ್ರಾಂ ಇಳಿಸಿ.

ಜೋಳದಲ್ಲಿ ಗ್ಲುಟೆನ್ ಇಲ್ಲವೇ ಇಲ್ಲ. ಹಾಗೆಂದು ದೂರ ಇಡಬೇಕಿಲ್ಲ. ರೊಟ್ಟಿಗೆ ಎಸರು ಹಾಕುವ ಕ್ರಮವನ್ನೇ ಇಲ್ಲಿಗೆ ತನ್ನಿ: 40 ಗ್ರಾಂ ಜೋಳದ ಹಿಟ್ಟಿಗೆ 80 ಗ್ರಾಂ ಕುದಿಯುವ ನೀರು ಸುರಿದು ಕಲಸಿ, ಪೂರ್ತಿ ಆರಿಸಿ, ಉಪ್ಪು ಹಾಕುವ ಹೊತ್ತಿಗೆ ಕಣಕಕ್ಕೆ ಸೇರಿಸಿ. ಕುದಿನೀರಿಗೆ ಪಿಷ್ಟ ಬೆಂದು ನೀರನ್ನು ಹಿಡಿದುಕೊಳ್ಳುವುದರಿಂದ ಬ್ರೆಡ್ ಒಂದು ದಿನ ಹೆಚ್ಚು ಮೆದುವಾಗಿ ಉಳಿಯುತ್ತದೆ. ಜೋಳದ ಹಿಟ್ಟಿನ ಇನ್ನೊಂದು ಉಪಯೋಗ ಬುಟ್ಟಿಗೆ ಉದುರಿಸಲು. ಮೈದಾ ಉದುರಿಸಿದರೆ ಅದೇ ಹಸಿಯಾಗಿ ಅರಿವೆಗೆ ಅಂಟುತ್ತದೆ. ಜೋಳದ ಹಿಟ್ಟೋ ಅಕ್ಕಿ ಹಿಟ್ಟೋ ಆದರೆ ಕಣಕ ಜಾರಿ ಬೀಳುತ್ತದೆ.

ನೀರಿನ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಕ್ಲೋರಿನ್ ಹೆಪ್ಪಿಗೆ ಆಗದು ನಿಜ. ಆದರೆ ನಲ್ಲಿ ನೀರನ್ನು ದಿನಗಟ್ಟಲೆ ಕೊಡ, ಹಂಡೆಗಳಲ್ಲಿ ತುಂಬಿಟ್ಟುಕೊಳ್ಳುವ ಊರಿನಲ್ಲಿ ಅದರ ವಾಸನೆ ಹೆಚ್ಚಿನ ಮಟ್ಟಿಗೆ ತಾನೇ ಹೋಗಿರುತ್ತದೆ. ಈಗಷ್ಟೇ ಬಂದ ನೀರಾದರೆ ಬಾಯಿ ತೆರೆದ ಪಾತ್ರೆಯಲ್ಲಿ ಒಂದು ರಾತ್ರಿ ಬಿಡಿ, ಇಲ್ಲವೇ ಕುದಿಸಿ ಆರಿಸಿ.

ಹೆಪ್ಪು ಎಬ್ಬಿಸುವುದು

ಸ್ಟಾರ್ಟರ್ ಎನ್ನುವುದನ್ನು ಇಲ್ಲಿ ಹೆಪ್ಪು ಎಂದೇ ಕರೆಯೋಣ. ಮೊಸರಿನ ಹೆಪ್ಪಿನ ಹಾಗೆ ಇದನ್ನೂ ಸ್ವಲ್ಪ ಉಳಿಸಿಕೊಂಡು ಮುಂದಿನದಕ್ಕೆ ಹಾಕುತ್ತ ಹೋಗುವುದು. ಒಳಗಿರುವ ಜೀವಿಗಳು ಮಾತ್ರ ಎರಡು ಬಗೆ: ಉಬ್ಬಿಸುವ ಕಾಡು ಯೀಸ್ಟ್, ಹುಳಿ ತರುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ. ಎರಡೂ ಗೋಧಿ ಕಾಳಿನ ಸಿಪ್ಪೆಯ ಮೇಲೇ ಇರುತ್ತವೆ. ಹಾಗಾಗಿ ಹೆಪ್ಪು ಎಬ್ಬಿಸಲು ಗಿರಣಿಯಿಂದ ಹೊಸದಾಗಿ ತಂದ, ಜರಡಿ ಹಿಡಿಯದ ಗೋಧಿ ಹಿಟ್ಟೇ ಒಳ್ಳೆಯದು. ಮೊಸರು, ಸಕ್ಕರೆ, ದ್ರಾಕ್ಷಿ, ದೋಸೆ ಹಿಟ್ಟು, ಚಿಟಿಕೆ ಅಂಗಡಿ ಯೀಸ್ಟ್ ಏನೂ ಬೇಡ.

ಎಣ್ಣೆ ಜಿಡ್ಡಿಲ್ಲದಂತೆ ತೊಳೆದ ಗಾಜಿನ ಬಾಟಲಿಯಲ್ಲಿ 50 ಗ್ರಾಂ ಗೋಧಿ ಹಿಟ್ಟು, 50 ಗ್ರಾಂ ನೀರು ಕಲಸಿ. ಮುಚ್ಚಳ ಸಡಿಲಾಗಿರಲಿ. ಹಿಟ್ಟಿನ ಮಟ್ಟಕ್ಕೆ ಹೊರಗಿನಿಂದ ರಬ್ಬರ್ ಬ್ಯಾಂಡ್ ಹಾಕಿ. ಮರುದಿನ ಅದೇ ಹೊತ್ತಿಗೆ 50 ಗ್ರಾಂ ಉಳಿಸಿಕೊಂಡು, ಉಳಿದದ್ದನ್ನು ಚೆಲ್ಲಿ, ಮತ್ತೆ 50 ಹಿಟ್ಟು, 50 ನೀರು. ಹೀಗೇ ದಿನಕ್ಕೊಂದು ಸಲ.

ಎರಡು-ಮೂರನೆಯ ದಿನ ಹಿಟ್ಟು ಬಾಟಲಿ ತುಂಬ ಉಕ್ಕಿ ಬರಬಹುದು. ಹೆಪ್ಪು ಸಿದ್ಧವಾಯಿತೆಂದು ಬ್ರೆಡ್ ಕಲಸಿದರೆ ಇಟ್ಟಿಗೆ ಸಿಗುತ್ತದೆ. ಆ ಉಕ್ಕು ಯೀಸ್ಟಿನದಲ್ಲ. ಇನ್ನೂ ಹುಳಿಯಾಗದ ಹಿಟ್ಟಿನಲ್ಲಿ ಮೊದಲು ತಲೆಯೆತ್ತುವ ಬೇರೆ ಬ್ಯಾಕ್ಟೀರಿಯಾಗಳ ಗಾಳಿ ಅದು, ವಾಸನೆಯೂ ಹಳಸಲು. ಮುಂದಿನ ಎರಡು ಮೂರು ದಿನ ಬಾಟಲಿ ಸತ್ತಂತೆ ಮಲಗುತ್ತದೆ. ಹೆಚ್ಚಿನವರು ಕೈಬಿಡುವುದು ಇಲ್ಲೇ. ನಿಜಕ್ಕೂ ಆಗ ಹುಳಿ ಏರುತ್ತಿರುತ್ತದೆ, ಹುಳಿಗೆ ತಡೆಯಲಾರದ ಬ್ಯಾಕ್ಟೀರಿಯಾಗಳು ಸಾಯುತ್ತಿರುತ್ತವೆ, ಹುಳಿಯನ್ನು ತಡೆಯಬಲ್ಲ ಯೀಸ್ಟಿಗೆ ಜಾಗ ತೆರವಾಗುತ್ತಿರುತ್ತದೆ. ಅದೇ ಕ್ರಮದಲ್ಲಿ ಉಣಿಸುತ್ತಾ ಹೋಗಿ. ಐದನೆಯ ದಿನದಿಂದ ಅರ್ಧ ಗೋಧಿ, ಅರ್ಧ ಮೈದಾ ಕೊಡಿ. ಬೇಸಿಗೆಯಲ್ಲಿ ಆರೇಳು ದಿನಕ್ಕೆ, ಡಿಸೆಂಬರ್-ಜನವರಿಯಲ್ಲಿ ಹತ್ತು ಹನ್ನೆರಡು ದಿನಕ್ಕೆ ಹೆಪ್ಪು ಏಳುತ್ತದೆ. ಈ ಮೊದಲ ವಾರದ ಚೆಲ್ಲುವ ಹಿಟ್ಟನ್ನು ತಿನ್ನಬೇಡಿ. ಮುಂದೆ ಹೆಪ್ಪು ಬಲಿತ ಮೇಲೆ ಉಳಿಯುವುದು ದೋಸೆಗೂ ತಾಲಿಪಟ್ಟಿಗೂ ಚೆನ್ನಾಗಿ ಹೊಂದುತ್ತದೆ.

ಸಿದ್ಧವಾಯಿತೆಂದು ತಿಳಿಯುವುದು ಹೇಗೆ? 26-28 ಡಿಗ್ರಿಯಲ್ಲಿ ಹೆಪ್ಪಿನ ತೂಕಕ್ಕೆ ಸಮಪಾಲು ಹಿಟ್ಟು, ಸಮಪಾಲು ನೀರು ಕೊಟ್ಟಾಗ ನಾಲ್ಕೈದು ತಾಸಿನಲ್ಲಿ ಎರಡರಷ್ಟಾಗಬೇಕು. ಒಂದು ಸಲ ಅಲ್ಲ, ಮೂರು ಸಲ ಸತತವಾಗಿ. ವಾಸನೆ ಹುಳಿ ಮಜ್ಜಿಗೆ ಮತ್ತು ಮಾಗಿದ ಬಾಳೆಹಣ್ಣಿನ ನಡುವೆ ಎಲ್ಲೋ ಇರುತ್ತದೆ. ಚಮಚ ಹೆಪ್ಪನ್ನು ನೀರಿಗೆ ಬಿಟ್ಟು ತೇಲುತ್ತದೆಯೇ ಎಂದು ನೋಡುವ ಪರೀಕ್ಷೆ ಗೋಧಿ ಹಿಟ್ಟಿನ ಹೆಪ್ಪಿಗೆ ಭರವಸೆಯದಲ್ಲ. ಚೆನ್ನಾಗಿರುವ ಹೆಪ್ಪೂ ಮುಳುಗುತ್ತದೆ.

ಉಗುರು ಬಣ್ಣ ತೆಗೆಯುವ ದ್ರಾವಣದ ವಾಸನೆ ಬಂದರೆ, ಮೇಲೆ ಕಪ್ಪು ನೀರು ನಿಂತರೆ ಹೆಪ್ಪು ಹಸಿದಿದೆ ಎಂದಷ್ಟೇ ಅರ್ಥ. ಆದರೆ ಗುಲಾಬಿ ಅಥವಾ ಕಿತ್ತಳೆ ಬಣ್ಣದ ಗೆರೆ, ಅಥವಾ ನವಿರಾದ ಬೂಸ್ಟು ಕಂಡರೆ ಮೇಲಿನದನ್ನು ತೆಗೆದು ಉಳಿದದ್ದನ್ನು ಬಳಸುವ ಜಾಣತನ ಬೇಡ. ಬಾಟಲಿ ಸಮೇತ ಆಚೆ ಹಾಕಿ.

ಏಪ್ರಿಲ್-ಮೇನಲ್ಲಿ ಸಮಪಾಲಿನ ಊಟ ಮೂರು ತಾಸಿಗೇ ಮುಗಿಯುತ್ತದೆ. ದಿನಕ್ಕೊಮ್ಮೆ ಉಣಿಸಿದರೆ ಉಳಿದ ಇಪ್ಪತ್ತು ತಾಸು ಅದು ತನ್ನ ಹುಳಿಯಲ್ಲೇ ಕೂತಿರುತ್ತದೆ. ಆ ಅತಿ ಹುಳಿ ಮುಂದೆ ಕಣಕದ ಗ್ಲುಟೆನ್ನನ್ನು ತಿಂದುಹಾಕುತ್ತದೆ. ಬೇಸಿಗೆಯಲ್ಲಿ 10 ಗ್ರಾಂ ಹೆಪ್ಪಿಗೆ 50 ಹಿಟ್ಟು, 50 ತಣ್ಣೀರು ಕೊಡಿ, ಇಲ್ಲವೇ ಫ್ರಿಜ್ಜಿಗೆ ಸೇರಿಸಿ.

ಒಂದು ಬ್ರೆಡ್ಡಿನ ಅಳತೆ

ಮೈದಾ 360 ಗ್ರಾಂ, ಗೋಧಿ ಹಿಟ್ಟು 90 ಗ್ರಾಂ, ನೀರು 280 ಗ್ರಾಂ, ಏರಿದ ಹೆಪ್ಪು 90 ಗ್ರಾಂ, ಉಪ್ಪು 10 ಗ್ರಾಂ. ಹೆಪ್ಪಿನೊಳಗಿನ 45 ಹಿಟ್ಟು, 45 ನೀರನ್ನೂ ಸೇರಿಸಿ ಲೆಕ್ಕ ಹಾಕಿದರೆ 495 ಹಿಟ್ಟಿಗೆ 325 ನೀರು, ಅಂದರೆ ಶೇಕಡಾ 66ರ ಹತ್ತಿರ. ವಿಡಿಯೋಗಳಲ್ಲಿ ಶೇಕಡಾ 75, 80 ಎಂದು ಹೇಳುವುದು 13 ಗ್ರಾಂ ಪ್ರೋಟೀನಿನ ಹಿಟ್ಟಿಗೆ. ನಮ್ಮ ಮೈದಾಕ್ಕೆ ಅಷ್ಟು ನೀರು ಹಾಕಿದರೆ ಕಣಕ ಪರಾತದ ತುಂಬ ಹರಡುತ್ತದೆ. ಮಳೆಗಾಲದಲ್ಲಿ ಹಿಟ್ಟೇ ತೇವ ಹೀರಿರುತ್ತದೆ, 10-15 ಗ್ರಾಂ ನೀರು ಕಡಿಮೆ ಮಾಡಿ. ಗದಗಿನ ಕಡೆಯ ಒಣ ಬೇಸಿಗೆಯಲ್ಲಿ ಅಷ್ಟೇ ಹೆಚ್ಚು ಹಿಡಿಯುತ್ತದೆ.

ಹಿಂದಿನ ರಾತ್ರಿ 15 ಗ್ರಾಂ ಹೆಪ್ಪಿಗೆ 50 ಹಿಟ್ಟು, 50 ನೀರು ಕೊಟ್ಟಿಡಿ. 25 ಡಿಗ್ರಿಯಲ್ಲಿ ಏಳೆಂಟು ತಾಸಿಗೆ ಶಿಖರ ಮುಟ್ಟುತ್ತದೆ. ಮೇಲ್ಭಾಗ ಗುಮ್ಮಟದಂತಿದ್ದಾಗ ಅಥವಾ ಆಗತಾನೇ ಚಪ್ಪಟೆಯಾದಾಗ ಬಳಸಬೇಕು. ನಡುವೆ ಗುಂಡಿ ಬಿದ್ದರೆ ಹೊತ್ತು ಮೀರಿದೆ.

ಇನ್ನು ಬೇಸಿಗೆಯವರಿಗೆ ಎಲ್ಲಕ್ಕಿಂತ ಉಪಯೋಗದ ಲೆಕ್ಕ. ಕಲಸಿದ ಕಣಕ 26 ಡಿಗ್ರಿ ಇರಬೇಕು. ಕೋಣೆ, ಹಿಟ್ಟು, ಹೆಪ್ಪು, ನೀರು ನಾಲ್ಕೂ ಸೇರಿ ಅದನ್ನು ತೀರ್ಮಾನಿಸುತ್ತವೆ. 26ನ್ನು ನಾಲ್ಕರಿಂದ ಗುಣಿಸಿದರೆ 104. ಅದರಲ್ಲಿ ಕೋಣೆ, ಹಿಟ್ಟು, ಹೆಪ್ಪಿನ ಡಿಗ್ರಿಗಳನ್ನು ಕಳೆದರೆ ನೀರು ಎಷ್ಟಿರಬೇಕೆಂದು ಗೊತ್ತಾಗುತ್ತದೆ. ಮೇ ತಿಂಗಳಲ್ಲಿ ಕೋಣೆ 33, ಹಿಟ್ಟು 33, ಹೆಪ್ಪು 31 ಇದ್ದರೆ ಉಳಿಯುವುದು 7. ಅಂದರೆ ಫ್ರಿಜ್ಜಿನ ನೀರು. ಜನವರಿಯ ಧಾರವಾಡದ ಬೆಳಗಿನಲ್ಲಿ 20, 20, 22 ಇದ್ದರೆ ಉಳಿಯುವುದು 42, ಕೈಗೆ ಬೆಚ್ಚಗಾಗುವ ನೀರು. ಇದು ಅಂದಾಜಿನ ಲೆಕ್ಕ, ಆದರೆ ಒಂದೆರಡು ಡಿಗ್ರಿಗಿಂತ ಹೆಚ್ಚು ತಪ್ಪುವುದು ಅಪರೂಪ. ಬಿಸಿ ನೀರನ್ನು ಮೊದಲು ಹಿಟ್ಟಿಗೇ ಬೆರೆಸಿ, ಹೆಪ್ಪಿನ ಮೇಲೆ ನೇರವಾಗಿ ಸುರಿಯಬೇಡಿ.

ಕಲಸುವುದು, ಮಡಚುವುದು

265 ಗ್ರಾಂ ನೀರನ್ನು ಎರಡೂ ಹಿಟ್ಟಿಗೆ ಹಾಕಿ ಒಣ ಹಿಟ್ಟು ಕಾಣದಂತೆ ಕಲಸಿ, ಮುಚ್ಚಿ ಅರ್ಧ ತಾಸು ಬಿಡಿ. ಹೋಳಿಗೆಯ ಕಣಕವನ್ನು ನೆನೆಯಲು ಬಿಡುವುದು ಯಾಕೆಂದು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ನೆಂದ ಹಿಟ್ಟು ತಾನಾಗಿಯೇ ಎಳೆ ಕಟ್ಟುತ್ತದೆ, ನಾದುವ ಶ್ರಮ ಅರ್ಧ ಉಳಿಯುತ್ತದೆ. ನಂತರ 90 ಗ್ರಾಂ ಹೆಪ್ಪು ಸೇರಿಸಿ ಬೆರಳುಗಳಿಂದ ಹಿಸುಕುತ್ತ ಬೆರೆಸಿ. ಇಲ್ಲಿಂದ ಗಡಿಯಾರ ಶುರು. ಇಪ್ಪತ್ತು ನಿಮಿಷದ ಮೇಲೆ ಉಪ್ಪನ್ನು ಉಳಿದ 15 ಗ್ರಾಂ ನೀರಿನೊಂದಿಗೆ ಹಾಕಿ. ಕಣಕ ಮೊದಲು ಚೂರುಚೂರಾಗಿ ಜಾರುತ್ತದೆ, ಎರಡು ನಿಮಿಷಕ್ಕೆ ಮತ್ತೆ ಒಂದಾಗುತ್ತದೆ.

ರೊಟ್ಟಿ ಹಿಟ್ಟಿನ ಹಾಗೆ ಅಂಗೈಯಿಂದ ಒತ್ತಿ ಒತ್ತಿ ನಾದುವುದು ಇಲ್ಲಿ ಬೇಡ. ಕೈ ಒದ್ದೆ ಮಾಡಿಕೊಂಡು, ಕಣಕದ ಒಂದು ಅಂಚನ್ನು ಹಿಡಿದು ಹರಿಯದಷ್ಟು ಮೇಲಕ್ಕೆಳೆದು ಎದುರು ಅಂಚಿಗೆ ಮಡಚಿ. ಪಾತ್ರೆಯನ್ನು ಕಾಲು ಸುತ್ತು ತಿರುಗಿಸಿ ಮತ್ತೆ. ನಾಲ್ಕು ಮಡಿಕೆಗೆ ಒಂದು ಸುತ್ತು. ಮಳೆಗಾಲ, ಚಳಿಗಾಲದಲ್ಲಿ ಅರ್ಧ ತಾಸಿಗೊಂದರಂತೆ ನಾಲ್ಕು ಸುತ್ತು. ಬೇಸಿಗೆಯಲ್ಲಿ ಇಪ್ಪತ್ತು ನಿಮಿಷಕ್ಕೊಂದರಂತೆ ಮೂರೇ ಸಾಕು, ಯಾಕೆಂದರೆ ಆ ಹೊತ್ತಿಗೆ ಗಾಳಿ ತುಂಬಲು ಶುರುವಾಗಿರುತ್ತದೆ. ಕೊನೆಯ ಸುತ್ತಿಗೆ ಒಂದು ಚೂರು ಕಣಕವನ್ನು ಬೆರಳುಗಳ ನಡುವೆ ಹಿಗ್ಗಿಸಿದರೆ ಬೆಳಕು ಕಾಣುವಷ್ಟು ತೆಳುವಾಗಬೇಕು. ತೌಡಿರುವುದರಿಂದ ಅಲ್ಲಲ್ಲಿ ತೂತು ಬಿದ್ದರೆ ಚಿಂತೆಯಿಲ್ಲ.

ಗುರೆಳ್ಳು, ಅಗಸಿ, ಹುರಿದ ಶೇಂಗಾ ಹಾಕುವುದಿದ್ದರೆ ಎರಡನೆಯ ಸುತ್ತಿನಲ್ಲಿ. 40 ಗ್ರಾಂ ಅಗಸಿಯನ್ನು 80 ಗ್ರಾಂ ನೀರಿನಲ್ಲಿ ಮೊದಲೇ ನೆನೆಸಿ, ಇಲ್ಲವಾದರೆ ಅದು ಕಣಕದ ನೀರನ್ನೇ ಕುಡಿಯುತ್ತದೆ. ಬ್ಯಾಡಗಿ ಮೆಣಸಿನಕಾಯಿ ತರಿಯನ್ನು ಎರಡು ಚಮಚ ಹಾಕಿದರೆ ಖಾರಕ್ಕಿಂತ ಬಣ್ಣ, ಘಮ ಚೆನ್ನ.

ಹುದುಗು: ಇಡೀ ಕೆಲಸದ ಜೀವ ಇಲ್ಲಿ

ಹೆಪ್ಪು ಹಾಕಿದಾಗಿನಿಂದ ಎಣಿಸಿದರೆ, ಕಣಕ 24 ಡಿಗ್ರಿಯಲ್ಲಿ ಆರೇಳು ತಾಸು, 27ರಲ್ಲಿ ಐದು, 30ರಲ್ಲಿ ಮೂರೂವರೆಯಿಂದ ನಾಲ್ಕು, 33ರಲ್ಲಿ ಎರಡೂವರೆಯಿಂದ ಮೂರು ತಾಸು ತೆಗೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಬೆಳಗಿನ ಐದೂವರೆಗೆ ಕಲಸಿದವರು ಬಿಸಿಲೇರುವ ಮೊದಲು ಮುಗಿಸುತ್ತಾರೆ. ಹತ್ತಕ್ಕೆ ಶುರುಮಾಡಿದವರು ಮಧ್ಯಾಹ್ನದ 37 ಡಿಗ್ರಿಯೊಂದಿಗೆ ಗುದ್ದಾಡುತ್ತಾರೆ.

ಎಷ್ಟು ಉಬ್ಬಬೇಕು ಎನ್ನುವುದೂ ಉಷ್ಣತೆಗೆ ತಕ್ಕಂತೆ ಬದಲಾಗುತ್ತದೆ, ಇದನ್ನು ಹೇಳುವವರು ಕಡಿಮೆ. 25ರ ಆಸುಪಾಸಿನ ಕಣಕ ಒಂದೂವರೆ ಪಟ್ಟು ಆಗುವವರೆಗೆ ಬಿಡಿ, ಸ್ವಲ್ಪ ಮೀರಿದರೂ ಸರಿ. 30ರ ಕಣಕವನ್ನು ಶೇಕಡಾ 30-35 ಏರಿದಾಗಲೇ ತೆಗೆಯಬೇಕು. ಬಿಸಿ ಕಣಕ ಫ್ರಿಜ್ಜಿಗೆ ಹೋದ ಮೇಲೂ ನಡುಭಾಗ ತಣ್ಣಗಾಗಲು ಎರಡು ಮೂರು ತಾಸು ಹಿಡಿಯುತ್ತದೆ, ಅಷ್ಟೂ ಹೊತ್ತು ಒಳಗೆ ಹುದುಗುತ್ತಲೇ ಇರುತ್ತದೆ.

ಬೋಗುಣಿಯಲ್ಲಿ ಕಣ್ಣಳತೆ ಮೋಸ ಮಾಡುತ್ತದೆ. ಮಡಚುವುದು ಮುಗಿದ ಮೇಲೆ 40 ಗ್ರಾಂ ಕಣಕವನ್ನು ನೇರ ಗೋಡೆಯ ಸಣ್ಣ ಗಾಜಿನ ಲೋಟಕ್ಕೆ ಒತ್ತಿ, ಮಟ್ಟಕ್ಕೆ ಗೆರೆ ಎಳೆದು, ದೊಡ್ಡ ಕಣಕದ ಪಕ್ಕದಲ್ಲೇ ಮುಚ್ಚಿಡಿ. ಲೋಟ ಹೇಳುವ ಮಾತನ್ನು ಕೇಳಿ. ಜೊತೆಗೆ ಕಣಕದ ಅಂಚು ಪಾತ್ರೆಯ ಗೋಡೆಯಿಂದ ಬಿಟ್ಟುಕೊಂಡು ಗುಂಡಗಾಗಿರಬೇಕು, ಅಲುಗಿಸಿದರೆ ಖರವಸದಂತೆ ನಡುಗಬೇಕು, ಮೇಲೆ ಒಂದೆರಡು ಗುಳ್ಳೆ ಕಾಣಬೇಕು.

ಬೇಸಿಗೆಯಲ್ಲಿ ತಂಪು ಬೇಕಾದರೆ ನೀರಿರುವ ಪರಾತದಲ್ಲಿ ಬೋಗುಣಿ ಕೂರಿಸಿ, ಸುತ್ತ ಒದ್ದೆ ಅರಿವೆ ಹೊದಿಸಿ, ಅರಿವೆಯ ತುದಿ ನೀರಿನಲ್ಲಿರಲಿ, ಫ್ಯಾನಿನ ಗಾಳಿ ತಾಗಲಿ. ಏಪ್ರಿಲ್‌ನ ಒಣಗಾಳಿಗೆ ಇದರಿಂದ ನಾಲ್ಕೈದು ಡಿಗ್ರಿ ಇಳಿಯುತ್ತದೆ, ಮಣ್ಣಿನ ಹರವಿಯ ನೀರು ತಂಪಾಗುವ ಹಾಗೆಯೇ. ಜುಲೈನಲ್ಲಿ ಈ ಉಪಾಯ ಕೆಲಸಕ್ಕೆ ಬಾರದು, ಆಗ ಬೇಕಾಗಿಯೂ ಇಲ್ಲ. ಧಾರವಾಡದ ಮಳೆಗಾಲದ 24-25 ಡಿಗ್ರಿ ಸಾವರ್‌ಡೋಗೆ ಹೇಳಿ ಮಾಡಿಸಿದ್ದು, ಮೊದಲ ಪ್ರಯತ್ನಕ್ಕೆ ಅದೇ ಸರಿಯಾದ ಕಾಲ. ಚಳಿಗಾಲದಲ್ಲಿ ಆರಿದ ಓಟಿಜಿಯೊಳಗೆ ಒಂದು ತಂಬಿಗೆ ಬಿಸಿನೀರಿನ ಜೊತೆ ಇಡಿ, ಬಾಗಿಲ ಮೇಲೆ ಚೀಟಿ ಅಂಟಿಸಿ. ಒಳಗೆ ಹಿಟ್ಟಿದೆ ಎಂದು ಗೊತ್ತಿಲ್ಲದೆ ಮನೆಯಲ್ಲಿ ಯಾರಾದರೂ ಓವನ್ ಹಚ್ಚಿಬಿಡುವುದುಂಟು.

ಬುಟ್ಟಿಗೆ ಇಳಿಸಿ ಫ್ರಿಜ್ಜಿಗೆ

ಕಟ್ಟೆಯ ಮೇಲೆ ಅತಿ ಕಡಿಮೆ ಹಿಟ್ಟು ಉದುರಿಸಿ, ಕಣಕವನ್ನು ಸಡಿಲಾಗಿ ಗುಂಡಗೆ ಮಾಡಿ ಇಪ್ಪತ್ತು ನಿಮಿಷ ಬಿಡಿ. ಆಮೇಲೆ ಕವುಚಿ ಹಾಕಿ, ನಾಲ್ಕೂ ಅಂಚುಗಳನ್ನು ನಡುವಿಗೆ ಮಡಚಿ, ತಿರುಗಿಸಿ, ಎರಡೂ ಕೈಗಳಿಂದ ನಿಮ್ಮ ಕಡೆಗೆ ಎಳೆಯಿರಿ. ಕೆಳಭಾಗ ಕಟ್ಟೆಗೆ ಕಚ್ಚಿ, ಮೇಲ್ಮೈ ಬಿಗಿಯಾಗುತ್ತದೆ. ಮೇಲ್ಮೈ ಹರಿಯಲು ಶುರುವಾದರೆ ಅಲ್ಲಿಗೇ ನಿಲ್ಲಿಸಿ. ಜೋಳದ ಹಿಟ್ಟು ಉದುರಿಸಿದ ಬುಟ್ಟಿಗೆ ಮಡಿಕೆಯ ಭಾಗ ಮೇಲೆ ಬರುವಂತೆ ಇಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ.

ಫ್ರಿಜ್ಜು 4 ಡಿಗ್ರಿ ಇದ್ದರೆ ಹತ್ತರಿಂದ ಹದಿನಾರು ತಾಸು ಇಡಬಹುದು. ಬೇಸಿಗೆಯಲ್ಲಿ ತಣ್ಣೀರಿಗೆಂದು ಗಳಿಗೆಗೊಮ್ಮೆ ಬಾಗಿಲು ತೆಗೆಯುವ ಮನೆಯ ಫ್ರಿಜ್ಜು ನಿಜಕ್ಕೂ 7-8 ಡಿಗ್ರಿಯಲ್ಲಿರುತ್ತದೆ. ಹಿಂಬದಿಯ ತಣ್ಣನೆಯ ಜಾಗದಲ್ಲಿಟ್ಟು ಎಂಟು-ಹತ್ತು ತಾಸಿಗೇ ತೆಗೆಯಿರಿ. ಈ ತಂಪಿನಿಂದ ರುಚಿ ಬಲಿಯುವುದಷ್ಟೇ ಅಲ್ಲ, ಗಟ್ಟಿಯಾದ ಕಣಕಕ್ಕೆ ಗೀರು ಹಾಕುವುದೂ ಸುಲಭ.

ಬೇಯಿಸುವುದು

ಹಂಚು ಮತ್ತು ಬೋಗುಣಿಯನ್ನು ಒಳಗಿಟ್ಟೇ ಓಟಿಜಿಯನ್ನು 250 ಡಿಗ್ರಿಗೆ 45 ನಿಮಿಷ ಕಾಯಿಸಿ. ದೀಪ ಆರಿತೆಂದು ಹತ್ತು ನಿಮಿಷಕ್ಕೇ ಶುರುಮಾಡಬೇಡಿ. ಗಾಳಿ ಕಾದಿರುತ್ತದೆ, ಬೀಡು ಕಾದಿರುವುದಿಲ್ಲ. ಕಣಕವನ್ನು ಫ್ರಿಜ್ಜಿನಿಂದ ನೇರವಾಗಿ ಬಟರ್ ಪೇಪರಿನ ಮೇಲೆ ಕವುಚಿ, ಹೊಸ ಬ್ಲೇಡಿನಿಂದ ಒಂದೇ ಉದ್ದ ಗೀರು ಹಾಕಿ: ಒಂದು ಸೆಂಟಿಮೀಟರ್ ಆಳ, ಬ್ಲೇಡು ಓರೆಯಾಗಿ. ಹೆದರಿ ಮೂರು ಸಲ ಗೀಚುವುದಕ್ಕಿಂತ ಒಮ್ಮೆ ಧೈರ್ಯವಾಗಿ ಎಳೆಯಿರಿ. ಪೇಪರ್ ಸಮೇತ ಹಂಚಿಗೆ ಇಳಿಸಿ, ಬೋಗುಣಿ ಕವುಚಿ. ಕೈಗೆ ದಪ್ಪ ಬಟ್ಟೆ ಇರಲಿ.

240 ಡಿಗ್ರಿಯಲ್ಲಿ ಮುಚ್ಚಿ 20 ನಿಮಿಷ. ಬೋಗುಣಿ ತೆಗೆದು 210ಕ್ಕೆ ಇಳಿಸಿ 20-25 ನಿಮಿಷ. ಓಟಿಜಿಯ ಮೇಲಿನ ಕಡ್ಡಿ ಬಹಳ ಹತ್ತಿರವಿರುವುದರಿಂದ ನೆತ್ತಿ ಬೇಗ ಕಪ್ಪಾಗುತ್ತದೆ. ಕೆಳಗಿನ ಅಂತಸ್ತಿನಲ್ಲೇ ಇಡಿ, ಬೇಕಿದ್ದರೆ ಕಡ್ಡಿಗೆ ತಾಗದಂತೆ ಫಾಯಿಲ್ ಹೊದಿಸಿ. ತಳ ಸೀಯುತ್ತಿದ್ದರೆ ಪೇಪರಿನ ಕೆಳಗೆ ಎರಡು ಚಮಚ ರವೆ ಹರಡಿ.

ಒಳಗಿನ ಉಷ್ಣತೆ 98-99 ಆಗಲಿ ಎಂದು ಹೊರಗಿನ ಪುಸ್ತಕಗಳು ಹೇಳುವುದುಂಟು. ಹುಬ್ಬಳ್ಳಿ-ಧಾರವಾಡ ಸಮುದ್ರಮಟ್ಟಕ್ಕಿಂತ 650ರಿಂದ 750 ಮೀಟರ್ ಎತ್ತರದಲ್ಲಿವೆ. ಇಲ್ಲಿ ನೀರು ಕುದಿಯುವುದೇ ಹತ್ತಿರ ಹತ್ತಿರ 97.5-98 ಡಿಗ್ರಿಗೆ. ಹಸಿ ಇರುವ ಬ್ರೆಡ್ಡಿನ ಒಳಭಾಗ ಅದನ್ನು ದಾಟಲಾರದು. 99ಕ್ಕೆ ಕಾಯುತ್ತ ಕೂತರೆ ಬ್ರೆಡ್ ಒಣಗಿ ಖಡಕ್ ರೊಟ್ಟಿಯಾಗುತ್ತದೆ. ನಡುವೆ ಚುಚ್ಚಿದಾಗ 95-96 ಬಂದರೆ ತೆಗೆಯಿರಿ. ತಳಕ್ಕೆ ಬೆರಳಿನಿಂದ ಬಡಿದರೆ ಟೊಳ್ಳು ಸದ್ದು ಬರುತ್ತದೆ.

ಜಾಲರಿಯ ಮೇಲೆ ಎರಡು ತಾಸು ಆರಬೇಕು. ಪಿಷ್ಟ ಗಟ್ಟಿಯಾಗುವುದು ಆರುವಾಗಲೇ. ಬಿಸಿಯಲ್ಲಿ ಕೊಯ್ದರೆ ಚೆನ್ನಾಗಿ ಬೆಂದದ್ದೂ ಹಸಿಯಂತೆ ಚಾಕುವಿಗೆ ಮೆತ್ತುತ್ತದೆ, ಬೇಯಲಿಲ್ಲವೆಂದು ಓವನ್ನನ್ನು ಬೈಯುವುದಾಗುತ್ತದೆ.

ಓವನ್ ಇಲ್ಲದವರು ಇದೇ ಕಣಕವನ್ನು 80 ಗ್ರಾಂ ಉಂಡೆ ಮಾಡಿ, ಎರಡು ಸೆಂಟಿಮೀಟರ್ ದಪ್ಪಕ್ಕೆ ತಟ್ಟಿ, ರವೆಯ ಮೇಲೆ ಒಂದು ತಾಸು ಬಿಟ್ಟು, ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಮುಚ್ಚಿ ಒಂದೊಂದು ಮಗ್ಗುಲಿಗೆ ಏಳೆಂಟು ನಿಮಿಷ ಬೇಯಿಸಿ. ಖಾಲಿ ಕುಕ್ಕರನ್ನು ಒಣಗಿಸಿ ಕಾಯಿಸುವ ಉಪಾಯ ಬೇಡ. ತೆಳು ಅಲ್ಯೂಮಿನಿಯಂ ತಳ ಸೊಟ್ಟಗಾಗುತ್ತದೆ.

ಕೊಯ್ದಾಗ ಕಾಣುವ ತಪ್ಪುಗಳು

ಮೇಲಿನ ಸಿಪ್ಪೆಯ ಕೆಳಗೆ ದೊಡ್ಡ ಗುಹೆ, ಅದರ ಕೆಳಗೆಲ್ಲ ಗಿಜಿಗಿಜಿ ಒತ್ತಾದ ಹಿಟ್ಟು ಇದ್ದರೆ ಹುದುಗು ಸಾಲಲಿಲ್ಲ, ಇಲ್ಲವೇ ಹೆಪ್ಪು ಎಳೆಯದು. ರಂಧ್ರಗಳು ಸಣ್ಣವಾಗಿ ಸಮನಾಗಿದ್ದು, ಬ್ರೆಡ್ ಚಪ್ಪಟೆಯಾಗಿ, ಗೀರು ತೆರೆಯದೆ, ಬಣ್ಣ ಬಿಳಿಚಿಕೊಂಡಿದ್ದರೆ ಹುದುಗು ಮೀರಿದೆ: ಬಣ್ಣ ಕೊಡಬೇಕಾದ ಸಕ್ಕರೆಯನ್ನು ಯೀಸ್ಟ್ ಮೊದಲೇ ತಿಂದು ಮುಗಿಸಿದೆ. ಎರಡೂ ಚಪ್ಪಟೆಯಾಗಿರುವುದರಿಂದ ಗೊಂದಲ ಆಗುತ್ತದೆ. ಗುಹೆ ಇದೆಯೇ, ಬಣ್ಣ ಹೇಗಿದೆ, ಈ ಎರಡನ್ನು ನೋಡಿ ತೀರ್ಮಾನಿಸಿ. ನಮ್ಮ ಕಡೆ ಮಾರ್ಚ್‌ನಿಂದ ಮೇವರೆಗೆ ಸಾಮಾನ್ಯವಾಗಿ ಎರಡನೆಯದು, ಡಿಸೆಂಬರ್-ಜನವರಿಯಲ್ಲಿ ಮೊದಲನೆಯದು.

ಮಡಚುವಾಗ ಚೆನ್ನಾಗಿದ್ದ ಕಣಕ ಬುಟ್ಟಿಗೆ ಹಾಕುವಾಗ ಗೋಂದಿನಂತಾಗಿ ಹರಿದರೆ ಹೆಪ್ಪು ಅತಿ ಹುಳಿಯಾಗಿತ್ತು. ಅದನ್ನು ಆಕಾರಕ್ಕೆ ತರಲು ಹೆಣಗಬೇಡಿ. ತಟ್ಟೆಗೆ ಎಣ್ಣೆ ಸವರಿ ಸುರಿದು, ಮೇಲೆ ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಹಾಗೆಯೇ ಬೇಯಿಸಿದರೆ ಸಂಜೆಯ ಚಹಾಕ್ಕೆ ಆಯಿತು. ಹೆಪ್ಪಿಗೆ ಎರಡು ದಿನ 10-50-50ರ ಲೆಕ್ಕದಲ್ಲಿ ಉಣಿಸಿದರೆ ಸರಿಹೋಗುತ್ತದೆ.

ತಳದಲ್ಲಿ ಮಾತ್ರ ಬೆರಳಗಲದ ಹಸಿ ಪಟ್ಟಿ ಉಳಿದರೆ ಹಂಚು ಕಾದಿರಲಿಲ್ಲ.

ಇಟ್ಟುಕೊಳ್ಳುವುದು

ಕೊಯ್ದ ಮುಖ ಕೆಳಗೆ ಮಾಡಿ, ಹತ್ತಿ ಬಟ್ಟೆಯಲ್ಲಿ ಸುತ್ತಿಟ್ಟರೆ ಮೂರು ದಿನ ತೊಂದರೆಯಿಲ್ಲ, ಮಳೆಗಾಲದಲ್ಲಿ ಎರಡು ದಿನ. ಫ್ರಿಜ್ಜಿನ ತಂಪಿನಲ್ಲಿ ಬ್ರೆಡ್ ಹೊರಗಿಗಿಂತ ಬೇಗ ಬಿರುಸಾಗುತ್ತದೆ. ಉಳಿಸಲೇಬೇಕಿದ್ದರೆ ಹೋಳು ಮಾಡಿ ಫ್ರೀಜರಿಗೆ ಹಾಕಿ, ಬೇಕಾದಾಗ ಹಂಚಿನ ಮೇಲೆ ಕಾಯಿಸಿ. ಬೆಣ್ಣೆ ಸವರಿ ಮೇಲೆ ಶೇಂಗಾ ಚಟ್ನಿ ಪುಡಿ ಉದುರಿಸಿದ ಹೋಳಿನ ಮುಂದೆ ಜಾಮ್ ಸಪ್ಪೆ.

ವಾರಕ್ಕೊಮ್ಮೆ ಬ್ರೆಡ್ ಮಾಡುವವರು ಹೆಪ್ಪನ್ನು ಫ್ರಿಜ್ಜಿನಲ್ಲೇ ಇಡಿ. ಉಣಿಸಿ ಒಂದು ತಾಸು ಹೊರಗೆ ಬಿಟ್ಟು ಒಳಗಿಟ್ಟರೆ ಏಳೆಂಟು ದಿನ ತಡೆಯುತ್ತದೆ, ಬಳಸುವ ಮುನ್ನ ಎರಡು ಸಲ ಉಣಿಸಬೇಕು. ಊರಿಗೆ ಹೋಗುವವರು, ಬೇಸಿಗೆ ಮುಗಿಯುವವರೆಗೆ ಸಾಕೆನ್ನುವವರು ಏರಿದ ಹೆಪ್ಪನ್ನು ಬಟರ್ ಪೇಪರಿನ ಮೇಲೆ ಕಾಗದದಷ್ಟು ತೆಳ್ಳಗೆ ಸವರಿ, ಬಿಸಿಲಿಗೆ ಇಡದೆ ಫ್ಯಾನಿನ ಕೆಳಗೆ ಒಣಗಿಸಿ. ಎರಡು ದಿನಕ್ಕೆ ಹಪ್ಪಳದಂತೆ ಮುರಿಯುತ್ತದೆ. ಪುಡಿ ಮಾಡಿ ಗಾಳಿಯಾಡದ ಡಬ್ಬಿಯಲ್ಲಿ ಹಾಕಿ, ಮೇಲೆ ತಾರೀಕು ಬರೆದಿಡಿ. ಮತ್ತೆ ಬೇಕಾದಾಗ 10 ಗ್ರಾಂ ಪುಡಿಯನ್ನು 20 ಗ್ರಾಂ ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ, 10 ಗ್ರಾಂ ಹಿಟ್ಟು ಹಾಕಿ. ಮೂರ್ನಾಲ್ಕು ಊಟಕ್ಕೆ ಎದ್ದು ಕೂರುತ್ತದೆ.